ನೂರು ಅಂದರೆ ಯಾರ ನೂರು?

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಎಂಜಿನಿಯರಿಂಗ್ ಓದುತ್ತಿರುವ ಮಗಳು ಒಂದು ಕೋಟಿಯೊಳಗಿನ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಹುಡುಕುವ ಪ್ರೋಗ್ರಾಮೊಂದನ್ನು ಪೈಥಾನ್ ಭಾಷೆಯಲ್ಲಿ ಬರೆದಿದ್ದಾಳೆ. ಪ್ರತಿಯೊಂದು ಸಂಖ್ಯೆಯನ್ನೂ ಅದಕ್ಕಿಂತ ಚಿಕ್ಕ ಸಂಖ್ಯೆಗಳಿಂದ ಭಾಗಿಸಿ ನೋಡುವ ವಿಧಾನ. ಅರ್ಧ ಗಂಟೆ ಕಳೆದರೂ ಉತ್ತರವಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಬಳಕೆ ಬರೀ ಶೇ. 13! ‘ಮುಕ್ಕಾಲಿಗಿಂತ ಹೆಚ್ಚು ಸುಮ್ಮನೆ ಕೂತಿದೆ, ಮೆಷಿನ್ನೇ ಸರಿಯಿಲ್ಲ’ ಎಂದು ಅಪ್ಪನ ತೀರ್ಮಾನ. ‘ಇನ್ನೂ ಹೆಚ್ಚು ಕೋರ್ ಇರುವ ಕಂಪ್ಯೂಟರ್ ಕೊಡಿಸಪ್ಪಾ’ ಎಂದು ಮಗಳ ಬೇಡಿಕೆ. ಇಬ್ಬರೂ ಎಡವಿದ್ದು ಒಂದೇ ಕಡೆ.

ಮೊದಲು ಈ ಶೇಕಡಾ ಲೆಕ್ಕವೇನೆಂದು ನೋಡೋಣ. ಯಾವುದೇ ಕ್ಷಣದಲ್ಲಿ ಒಂದು ಕೋರ್ ಒಂದೋ ಕೆಲಸ ಮಾಡುತ್ತಿರುತ್ತದೆ, ಇಲ್ಲವೇ ಬಿಡುವಾಗಿರುತ್ತದೆ. ಅರ್ಧ ಕೆಲಸ ಎಂಬುದಿಲ್ಲ. ಒಂದು ಸೆಕೆಂಡಿನಲ್ಲಿ ಅದು ಎಷ್ಟು ಹೊತ್ತು ದುಡಿಯಿತು ಎಂಬ ಸರಾಸರಿಯೇ ಶೇಕಡಾವಾರು ಬಳಕೆ. ಒಂದೇ ಕೋರ್ ಇದ್ದ ಕಾಲದಲ್ಲಿ ಗೊಂದಲವಿರಲಿಲ್ಲ. 2001ರಲ್ಲಿ ಐಬಿಎಂ ತನ್ನ ಪವರ್4 ಚಿಪ್ಪಿನಲ್ಲಿ ಎರಡು ಕೋರ್‌ಗಳನ್ನು ಕೂಡಿಸಿತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಇಂಥ ಚಿಪ್ಪುಗಳನ್ನು ಮನೆಯ ಕಂಪ್ಯೂಟರಿಗೂ ತಂದವು. ಒಂದೇ ಕೋರ್‌ನ ವೇಗವನ್ನು ಹೆಚ್ಚಿಸುತ್ತ ಹೋದರೆ ಚಿಪ್ಪು ವಿಪರೀತ ಬಿಸಿಯಾಗುತ್ತಿದ್ದುದು ಇದಕ್ಕೆ ಮುಖ್ಯ ಕಾರಣ.

ವಿಂಡೋಸ್ ಎಲ್ಲ ಕೋರ್‌ಗಳನ್ನೂ ಒಟ್ಟು ಸೇರಿಸಿ ನೂರು ಎನ್ನುತ್ತದೆ. ಎಂಟು ಕೋರ್ ಇದ್ದರೆ ಒಂದೊಂದರ ಪಾಲು ಹನ್ನೆರಡೂವರೆ. ಮಗಳು ಕಂಡ ‘ಶೇ. 13’ರ ಗುಟ್ಟು ಇದೇ. ಒಂದು ಕೋರ್‌ನಷ್ಟು ಕೆಲಸ ಬಿಡುವಿಲ್ಲದೆ ನಡೆದಿದೆ, ಉಳಿದ ಏಳಕ್ಕೆ ಕೆಲಸವೇ ಇಲ್ಲ. ಲಿನಕ್ಸ್‌ನ ‘ಟಾಪ್’ ಮತ್ತು ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಒಂದೇ ಕೋರನ್ನು ನೂರು ಎಂದು ಎಣಿಸುತ್ತವೆ. ಅಲ್ಲಿ ಇದೇ ಪ್ರೋಗ್ರಾಮಿನ ಮುಂದೆ ಶೇ. 100 ಎಂದಿರುತ್ತದೆ. ನಾಲ್ಕು ಕೋರ್ ದುಡಿಸುವ ಪ್ರೋಗ್ರಾಮಿನ ಮುಂದೆ ಶೇ. 400 ಎಂದು ಕಂಡರೂ ಗಾಬರಿ ಬೇಡ.

ಹಾಗಾದರೆ ಉಳಿದ ಏಳು ಕೋರ್‌ಗಳು ಕೈಜೋಡಿಸಬಾರದೇ? ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಎಂಟು ಜನ ಭಟ್ಟರಿದ್ದರೆ ತರಕಾರಿ ಹೆಚ್ಚುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಮೈಸೂರುಪಾಕಿನ ಬಾಣಲೆಯಲ್ಲಿ ಸೌಟು ಆಡಿಸುವವರು ಒಬ್ಬರೇ. ಪ್ರೋಗ್ರಾಮನ್ನೂ ಹಂಚಿಕೊಳ್ಳುವಂತೆ ಬರೆದರೆ ಮಾತ್ರ ಎಲ್ಲ ಕೋರ್‌ಗಳೂ ದುಡಿಯುತ್ತವೆ. ಒಂದು ಕೋಟಿಯನ್ನು ಎಂಟು ಪಾಲು ಮಾಡಿ ಎಂಟು ಪ್ರತ್ಯೇಕ ಪ್ರೋಗ್ರಾಮುಗಳಿಗೆ ಕೊಟ್ಟರೆ ಬಳಕೆ ನೂರರ ಹತ್ತಿರ ಏರುತ್ತದೆ.

ಹಂಚಿಕೆಗೂ ಮಿತಿಯಿದೆ. ಇದನ್ನು 1967ರಲ್ಲಿ ಜೀನ್ ಆಮ್‌ಡಾಲ್ ತೋರಿಸಿಕೊಟ್ಟರು. ನೂರು ನಿಮಿಷದ ಕೆಲಸದಲ್ಲಿ ಹತ್ತು ನಿಮಿಷದ್ದು ಹಂಚಲಾಗದ ಭಾಗ ಎಂದಿಟ್ಟುಕೊಳ್ಳಿ. ಉಳಿದ ತೊಂಬತ್ತನ್ನು ಎಂಟು ಕೋರ್‌ಗಳಿಗೆ ಹಂಚಿದರೆ ಹನ್ನೊಂದೂಕಾಲು ನಿಮಿಷ. ಹತ್ತನ್ನು ಕೂಡಿಸಿದರೆ ಒಟ್ಟು ಇಪ್ಪತ್ತೊಂದೂಕಾಲು. ಎಂಟು ಪಟ್ಟು ಕೋರ್ ಇದ್ದರೂ ವೇಗ ಐದು ಪಟ್ಟೂ ಆಗಲಿಲ್ಲ! ಸಾವಿರ ಕೋರ್ ತಂದರೂ ಆ ಹತ್ತು ನಿಮಿಷ ಕಡಿಮೆಯಾಗದು.

ಇನ್ನೊಂದು ಸೂಕ್ಷ್ಮವಿದೆ. ಅನೇಕ ಚಿಪ್ಪುಗಳಲ್ಲಿ ನಾಲ್ಕೇ ಕೋರ್ ಇದ್ದರೂ ಕಂಪ್ಯೂಟರ್ ಎಂಟು ಎಂದು ತೋರಿಸುತ್ತದೆ. ಒಬ್ಬ ಭಟ್ಟ ಎರಡು ಒಲೆ ನೋಡಿಕೊಂಡಂತೆ, ಒಂದು ಕೆಲಸ ಮೆಮೊರಿಯಿಂದ ಮಾಹಿತಿಗೆ ಕಾಯುವಾಗ ಅದೇ ಕೋರ್ ಇನ್ನೊಂದನ್ನು ಮಾಡುತ್ತದೆ. ಒಲೆ ಎರಡಾದರೂ ಕೈ ಎರಡೇ. ಆದ್ದರಿಂದ ಶೇ. 50 ಎಂದು ಕಂಡರೆ ಇನ್ನರ್ಧ ಶಕ್ತಿ ಮಿಕ್ಕಿದೆ ಎಂದು ತಿಳಿಯುವಂತಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ‘ಪರ್ಫಾರ್ಮೆನ್ಸ್’ ಪುಟದಲ್ಲಿ ‘ಲಾಜಿಕಲ್ ಪ್ರೊಸೆಸರ್ಸ್’ ಎಷ್ಟೆಂದು ನೋಡಿ. ನೂರನ್ನು ಆ ಸಂಖ್ಯೆಯಿಂದ ಭಾಗಿಸಿ. ಪ್ರೋಗ್ರಾಮಿನ ಬಳಕೆ ಆ ಉತ್ತರದ ಆಸುಪಾಸಿನಲ್ಲೇ ಅಲುಗಾಡದೆ ನಿಂತಿದ್ದರೆ ಅದು ಒಂದೇ ಕೋರಿಗೆ ಕಟ್ಟುಬಿದ್ದಿರುವ ಸಂಭವ ಹೆಚ್ಚು. ಕೋರ್‌ವಾರು ಗ್ರಾಫ್ ನೋಡಿದಾಗ ಯಾವುದೂ ತುಂಬಿದಂತೆ ಕಾಣದಿರಬಹುದು. ವಿಂಡೋಸ್ ಒಂದೇ ಕೆಲಸವನ್ನು ಆಗಾಗ ಒಂದು ಕೋರಿನಿಂದ ಇನ್ನೊಂದಕ್ಕೆ ದಾಟಿಸುತ್ತಿರುತ್ತದೆ. ಬಳಕೆ ಇದಕ್ಕಿಂತಲೂ ತೀರ ಕಡಿಮೆಯಿದ್ದರೆ ಪ್ರೋಗ್ರಾಮು ಡಿಸ್ಕಿಗೋ ಇಂಟರ್ನೆಟ್ಟಿಗೋ ಕಾಯುತ್ತಿರಬಹುದು. ಆಗಲೂ ಕೋರ್ ಹೆಚ್ಚಿಸಿ ಪ್ರಯೋಜನವಿಲ್ಲ.

ಅಪ್ಪ ಹದಿನಾರು ಕೋರಿನ ಕಂಪ್ಯೂಟರ್ ತಂದಿದ್ದರೆ ಏನಾಗುತ್ತಿತ್ತು? ಪ್ರತಿ ಕೋರಿನ ವೇಗ ಅಷ್ಟೇ ಇದ್ದಲ್ಲಿ, ಮಗಳ ಪ್ರೋಗ್ರಾಮು ಅಷ್ಟೇ ಹೊತ್ತು ಓಡುತ್ತಿತ್ತು. ಬಳಕೆ ಮಾತ್ರ ಶೇ. 6ಕ್ಕೆ ಇಳಿದು ಮನೆಯಲ್ಲಿ ಇನ್ನಷ್ಟು ಬೇಸರವಾಗುತ್ತಿತ್ತು! ಇದರ ಬದಲು ಮಗಳು ಎರಟೋಸ್ತನೀಸನ ಜರಡಿ ವಿಧಾನವನ್ನು ಬಳಸಲಿ. ಎರಡರ ಗುಣಕಗಳನ್ನು ಹೊಡೆದುಹಾಕು, ಮೂರರದನ್ನು ಹೊಡೆದುಹಾಕು, ಹೀಗೆ ಮುಂದುವರಿದು ಉಳಿದದ್ದನ್ನು ಆರಿಸಿಕೋ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಈ ಉಪಾಯದಿಂದ ಒಂದು ಕೋಟಿಯವರೆಗಿನ ಲೆಕ್ಕ, ಅದೇ ಕಂಪ್ಯೂಟರಿನ ಅದೇ ಒಂದು ಕೋರಿನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಪ್ರೊಸೆಸರ್ ಎಷ್ಟು ದುಡಿಯಿತೆಂದು ಟಾಸ್ಕ್ ಮ್ಯಾನೇಜರ್ ಹೇಳಬಲ್ಲದು. ದುಡಿಸಿದ ರೀತಿ ಸರಿಯೇ ಎಂದು ಯೋಚಿಸುವ ಕೆಲಸ ಮಾತ್ರ ವಿದ್ಯಾರ್ಥಿಯದೇ.