ಬೆಂಜೀನ್ ಲೆಕ್ಕವನ್ನೂ ನಮಗೆ ಕೊಡಿ

ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು



ಸಂಜೆಯಾದರೆ ಮಡಿವಾಳ ಮಾರ್ಕೆಟ್ ಮುಂದೆ ಹೊಸೂರು ರಸ್ತೆ ನಿಂತೇ ಬಿಡುತ್ತದೆ. ಸೊಪ್ಪು ಮಾರುವವರ ಪಕ್ಕ, ಗೋಣಿಚೀಲದ ಮೇಲೆ, ಸೈಲೆನ್ಸರ್ ಹೊಗೆ ನೇರ ಮುಖಕ್ಕೇ ಬಡಿಯುವಂತೆ ಕೂಸುಗಳು ಮಲಗಿರುತ್ತವೆ. ಸ್ಕೂಟರಿನ ಹಿಂದೆ ಕೂತ ಬಸುರಿಯರು ಮೂಗಿಗೆ ದುಪಟ್ಟಾ ಒತ್ತಿಕೊಂಡು ಸಿಗ್ನಲ್ ಬಿಡುವುದನ್ನೇ ಕಾಯುತ್ತಾರೆ. ಇದೇ ರಸ್ತೆ ಹಿಡಿದು ಊರೊಳಗೆ ಹೋದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ.

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಲ್ಯುಕೇಮಿಯಾ. ಅದು ಈ ಹೊಗೆಯಿಂದಲೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಮಕ್ಕಳಲ್ಲಿ ಕಾರಣ ಇಂಥದ್ದೇ ಎಂದು ವೈದ್ಯರೂ ಹೇಳಲಾರರು. ‘ಬಸುರಿಯಾಗಿದ್ದಾಗ ಏನು ತಿಂದೆ’ ಎಂದು ತಾಯಿಯನ್ನು ಚುಚ್ಚುವ ನೆಂಟರ ಬಾಯಿ ಮೊದಲು ಮುಚ್ಚಬೇಕು. ಆದರೆ ಕಾಯಿಲೆಯ ಮೊದಲ ಹೆಜ್ಜೆ ಎಷ್ಟೋ ಸಲ ಗರ್ಭದಲ್ಲೇ ಬಿದ್ದಿರುತ್ತದೆ. ಬ್ರಿಟನ್ನಿನ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು, ಹುಟ್ಟಿದಾಗ ಕೂಸಿನ ಹಿಮ್ಮಡಿಯಿಂದ ತೆಗೆದಿಟ್ಟ ರಕ್ತದ ಹನಿಯಲ್ಲೇ, ವರ್ಷಗಳ ನಂತರ ಬಂದ ಲ್ಯುಕೇಮಿಯಾದ ಜೀನ್ ಬದಲಾವಣೆಯನ್ನು ಪತ್ತೆಮಾಡಿದರು. ಅಂಥ ಬದಲಾವಣೆ ಹೊತ್ತು ಹುಟ್ಟುವ ಮಕ್ಕಳಲ್ಲಿ ಕಾಯಿಲೆ ಬೀಳುವವರು ತೀರಾ ಕಡಿಮೆ. ಹೊರಗಿನ ಪೆಟ್ಟು ಗರ್ಭವನ್ನೂ ತಟ್ಟಬಲ್ಲದು ಎಂಬುದಕ್ಕೆ ಹಳೆಯ ಉದಾಹರಣೆ ಇದೆ. 1956ರಲ್ಲಿ ಆಕ್ಸ್‌ಫರ್ಡಿನ ಡಾ. ಆಲಿಸ್ ಸ್ಟುವರ್ಟ್ ತಾಯಂದಿರನ್ನೇ ಕೇಳಿ, ಬಸುರಿಯ ಹೊಟ್ಟೆಯ ಎಕ್ಸ್‌ರೇಗೂ ಮಕ್ಕಳ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ವೈದ್ಯಲೋಕ ಅದನ್ನು ಒಪ್ಪಲು ವರ್ಷಗಟ್ಟಲೆ ಹಿಡಿಯಿತು. ಆ ವರ್ಷಗಳಲ್ಲೂ ಎಕ್ಸ್‌ರೇ ನಡೆಯುತ್ತಲೇ ಇತ್ತು. ಬೆಂಜೀನಿನ ವಿಷಯದಲ್ಲೂ ಹಾಗೆ ಕಾಯುತ್ತ ಕೂರಬಾರದು.

ಪೆಟ್ರೋಲಿನಲ್ಲೂ ವಾಹನದ ಹೊಗೆಯಲ್ಲೂ ಇರುವ ಬೆಂಜೀನ್ ದೊಡ್ಡವರಲ್ಲಿ ಲ್ಯುಕೇಮಿಯಾ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅದು ಮಾಸು ದಾಟಿ ಗರ್ಭದ ಕೂಸಿನ ರಕ್ತವನ್ನೂ ಸೇರುತ್ತದೆ. ವಾಹನ ದಟ್ಟಣೆಯ ನಡುವೆ ಬೆಳೆಯುವ ಮಕ್ಕಳಿಗೆ ಲ್ಯುಕೇಮಿಯಾ ಅಪಾಯ ಸ್ವಲ್ಪ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಸೂಚಿಸಿವೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಗಾಳಿಯಲ್ಲಿ ಬೆಂಜೀನ್ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರುವಂತಿಲ್ಲ. ಆದರೆ ನಾವು ದಿನಾ ನೋಡುವ ವಾಯು ಗುಣಮಟ್ಟ ಸೂಚ್ಯಂಕದ 8 ಮಾಲಿನ್ಯಕಾರಕಗಳಲ್ಲಿ ಬೆಂಜೀನ್ ಸೇರಿಲ್ಲ. ಸೂಚ್ಯಂಕ ‘ಸಮಾಧಾನಕರ’ ಎಂದ ದಿನವೂ ಬೆಂಜೀನ್ ಮಟ್ಟ ಎಷ್ಟಿತ್ತೆಂದು ಅದರಿಂದ ತಿಳಿಯುವುದಿಲ್ಲ.

ಸಿಲ್ಕ್ ಬೋರ್ಡ್ ಬಳಿ ನಿಮ್ಮದೇ ಮಾಪನ ಕೇಂದ್ರವಿದೆ. ಅಲ್ಲಿನ ಬೆಂಜೀನ್ ಪ್ರಮಾಣವನ್ನು ಪ್ರತಿ ತಿಂಗಳೂ ಕನ್ನಡದಲ್ಲಿ ಪ್ರಕಟಿಸಿ. ಮಾರ್ಕೆಟ್ಟಿನ ಬಾಗಿಲಿಗೂ, ಬಸುರಿಯರು ತಪಾಸಣೆಗೆ ಬರುವ ಆರೋಗ್ಯ ಕೇಂದ್ರಕ್ಕೂ ಅಂಟಿಸಿ. ಹೊಸ ಪೆಟ್ರೋಲ್ ಬಂಕುಗಳು ಶಾಲೆ, ಮನೆಗಳಿಂದ 50 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿದೆ. ನಮ್ಮಲ್ಲಿನ ಹಳೆಯ ಬಂಕುಗಳು ಮನೆಗಳಿಗೆ ಅಂಟಿಕೊಂಡೇ ಇವೆ. ಬೆಂಜೀನ್ ಬೆರೆತ ಪೆಟ್ರೋಲ್ ಆವಿಯನ್ನು ಹಿಡಿದಿಡುವ ವ್ಯವಸ್ಥೆ ಅವುಗಳಲ್ಲಿ ಇದೆಯೇ, ಇದ್ದರೆ ಕೆಲಸ ಮಾಡುತ್ತಿದೆಯೇ ಎಂದು ನಿಮ್ಮ ಎಂಜಿನಿಯರುಗಳನ್ನು ಕಳಿಸಿ ನೋಡಿಸಿ. ವರದಿಯ ಪ್ರತಿಯನ್ನು ನಮ್ಮ ವಾರ್ಡಿಗೂ ಕಳಿಸಿಕೊಡಬೇಕೆಂದು ಕೋರುತ್ತೇನೆ.

ಇತಿ,
ಮಡಿವಾಳದ ಒಬ್ಬ ನಿವಾಸಿ