ಲಿಥಿಯಂ ಚಿಕಿತ್ಸೆ ಮತ್ತು ಮೂತ್ರಪಿಂಡಗಳ ರಕ್ಷಣೆ: ಮಾತ್ರೆಯೊಡನೆ ರಕ್ತಪರೀಕ್ಷೆಯೂ ಅಗತ್ಯ

ಹಿನ್ನೆಲೆ

ಬೈಪೋಲಾರ್ ಕಾಯಿಲೆ ಎಂದು ಕರೆಯಲಾಗುವ ಮಾನಸಿಕ ಅಸ್ವಸ್ಥತೆಯಲ್ಲಿ ವ್ಯಕ್ತಿಯು ಕೆಲಕಾಲ ಉನ್ಮಾದ ಸ್ಥಿತಿಗೂ ಕೆಲಕಾಲ ತೀವ್ರ ಖಿನ್ನತೆಗೂ ಒಳಗಾಗುವುದು ಕಂಡುಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ಕೈಗೊಂಡ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡ 0.5ರಷ್ಟು ಜನರು ಜೀವಿತಾವಧಿಯಲ್ಲಿ ಒಮ್ಮೆಯಾದರೂ ಈ ಕಾಯಿಲೆಗೆ ಒಳಗಾಗಿರುತ್ತಾರೆ. ಇವರಲ್ಲಿ ಶೇಕಡ 70ರಷ್ಟು ಜನರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ ಎಂಬುದನ್ನೂ ಸದರಿ ಸಮೀಕ್ಷೆ ದಾಖಲಿಸಿದೆ.

ಈ ಕಾಯಿಲೆಯು ಮರುಕಳಿಸದಂತೆ ತಡೆಯುವ ಔಷಧಿಗಳಲ್ಲಿ ಲಿಥಿಯಂ ಪ್ರಮುಖವಾದುದು. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಇದರ ಉಪಯೋಗವನ್ನು ಪ್ರಕಟಿಸಿದರು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣವೂ ಇದಕ್ಕೆ ಇರುವುದರಿಂದ ಏಳು ದಶಕಗಳ ನಂತರವೂ ಇದರ ಸ್ಥಾನ ಉಳಿದಿದೆ. ಭಾರತದ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೂ ಲಿಥಿಯಂ ಸೇರಿರುತ್ತದೆ.

ಅದೇ 1949ರಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. ಅಡುಗೆ ಉಪ್ಪಿಗೆ ಬದಲಾಗಿ ಮಾರಾಟವಾಗುತ್ತಿದ್ದ ಲಿಥಿಯಂ ಕ್ಲೋರೈಡನ್ನು ಅಳತೆಯಿಲ್ಲದೆ ಬಳಸಿದ ಹೃದ್ರೋಗಿಗಳಲ್ಲಿ ಸಾವುಗಳು ಸಂಭವಿಸಿದವು; ಸರಕನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ರಕ್ತದಲ್ಲಿನ ಲಿಥಿಯಂ ಪ್ರಮಾಣವನ್ನು ಅಳೆಯುವ ಪರೀಕ್ಷೆ ರೂಢಿಗೆ ಬಂದ ನಂತರವೇ ಈ ಔಷಧಿಯನ್ನು ವಿಶ್ವಾಸದಿಂದ ಬಳಸುವುದು ಸಾಧ್ಯವಾಯಿತು. ರಕ್ತಪರೀಕ್ಷೆಯು ಲಿಥಿಯಂ ಚಿಕಿತ್ಸೆಗೆ ಸೇರಿಸಿದ ಹೆಚ್ಚುವರಿ ಅಂಶವಲ್ಲ, ಚಿಕಿತ್ಸೆಯ ಅವಿಭಾಜ್ಯ ಭಾಗವೇ ಆಗಿದೆ.

ಮೂತ್ರಪಿಂಡಗಳ ಮೇಲಿನ ಪರಿಣಾಮ

ದೇಹವು ಲಿಥಿಯಂ ಅನ್ನು ಬಹುಪಾಲು ಮೂತ್ರಪಿಂಡಗಳ ಮೂಲಕವೇ ಹೊರಹಾಕುತ್ತದೆ. ಮೂತ್ರಪಿಂಡಗಳು ಲಿಥಿಯಂ ಅನ್ನು ಸೋಡಿಯಂನಂತೆಯೇ ಪರಿಗಣಿಸುತ್ತವೆ. ದೇಹದಲ್ಲಿ ನೀರು ಮತ್ತು ಉಪ್ಪಿನ ಅಂಶ ಕಡಿಮೆಯಾದಾಗ ಅವು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದರೊಡನೆ ಲಿಥಿಯಂ ಕೂಡ ರಕ್ತಕ್ಕೆ ಹಿಂದಿರುಗಿ, ಮಾತ್ರೆಯ ಪ್ರಮಾಣ ಹೆಚ್ಚಿಸದಿದ್ದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ರಾಯಚೂರು, ಕಲಬುರಗಿಯಂತಹ ಜಿಲ್ಲೆಗಳ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು, ವಾಂತಿ ಭೇದಿಗೆ ಒಳಗಾದವರು ಹಾಗೂ ನೀರನ್ನೂ ಸೇವಿಸದೆ ಉಪವಾಸ ಆಚರಿಸುವವರು ಈ ಅಪಾಯಕ್ಕೆ ಸುಲಭವಾಗಿ ಒಳಗಾಗುತ್ತಾರೆ.

ದೀರ್ಘಕಾಲದ ಸೇವನೆಯಿಂದ ಮುಖ್ಯವಾಗಿ ಎರಡು ಬಗೆಯ ತೊಂದರೆಗಳು ಉಂಟಾಗಬಹುದು. ಮೊದಲನೆಯದು, ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಕುಂದುವುದು. ಇದರಿಂದ ದಿನಕ್ಕೆ 3 ಲೀಟರಿಗೂ ಮೀರಿ ಮೂತ್ರ ಹೋಗಬಹುದು. ಬಾಯಾರಿಕೆ ಹೆಚ್ಚುತ್ತದೆ, ರಾತ್ರಿ ಹಲವು ಬಾರಿ ಏಳಬೇಕಾಗುತ್ತದೆ. ಮನೆಯವರು ಇದನ್ನು ಸಕ್ಕರೆ ಕಾಯಿಲೆ ಎಂದು ಭಾವಿಸುವುದುಂಟು. ಪರೀಕ್ಷೆಯಲ್ಲಿ ಸಕ್ಕರೆ ಸಾಮಾನ್ಯವಾಗಿದ್ದರೆ ವಿಷಯವನ್ನು ಅಲ್ಲಿಗೇ ಬಿಡುವುದೂ ಉಂಟು. ಮೂತ್ರ ಹೆಚ್ಚು ಹೋಗುತ್ತದೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಇಂತಹ ಸಂದರ್ಭದಲ್ಲಿ ಅತ್ಯಂತ ಅಪಾಯಕಾರಿ. ಎರಡನೆಯದು, ಸಾಮಾನ್ಯವಾಗಿ 10 ರಿಂದ 20 ವರ್ಷಗಳ ಸೇವನೆಯ ನಂತರ ಕೆಲವರಲ್ಲಿ ಮೂತ್ರಪಿಂಡಗಳ ಶೋಧನಾ ಶಕ್ತಿ ನಿಧಾನವಾಗಿ ಕುಗ್ಗುವುದು. ಇದಕ್ಕೆ ಆರಂಭದಲ್ಲಿ ಯಾವುದೇ ಲಕ್ಷಣ ಇರುವುದಿಲ್ಲ. ರಕ್ತಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

ಈ ಅಪಾಯವನ್ನು ಅದರ ಅಳತೆಯಲ್ಲಿಯೇ ಅರಿಯಬೇಕಾಗುತ್ತದೆ. 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನಗಳ ಸಮಗ್ರ ಪರಾಮರ್ಶೆಯಲ್ಲಿ, ಲಿಥಿಯಂ ಪಡೆದ 3,369 ಜನರ ಪೈಕಿ ಡಯಾಲಿಸಿಸ್‌ನಂತಹ ಬದಲಿ ಚಿಕಿತ್ಸೆ ಬೇಕಾದವರು 18 ಮಂದಿ, ಅಂದರೆ ಶೇಕಡ 0.5ರಷ್ಟು. ಬಹುತೇಕರ ಮೂತ್ರಪಿಂಡಗಳು ಆ ಹಂತಕ್ಕೆ ತಲುಪುವುದಿಲ್ಲ. ತಲುಪುವ ಕೆಲವರನ್ನು ಮೊದಲೇ ಗುರುತಿಸುವುದೇ ಪರೀಕ್ಷೆಯ ಉದ್ದೇಶ.

ಸೇವಾ ವ್ಯವಸ್ಥೆಯಲ್ಲಿನ ಅಂತರ

ರಾಜ್ಯದಲ್ಲಿ ಮಾನಸಿಕ ಆರೋಗ್ಯ ಸೇವೆ ಹಂತಹಂತವಾಗಿ ಜನರ ಸಮೀಪಕ್ಕೆ ಬಂದಿದೆ. ಬಳ್ಳಾರಿ ಜಿಲ್ಲೆಯ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ರೂಪುಗೊಂಡಿತು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 18ನೇ ಪ್ರಕರಣವು, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳನ್ನು ಸಮುದಾಯ ಆರೋಗ್ಯ ಕೇಂದ್ರ ಹಾಗೂ ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಒದಗಿಸಬೇಕೆಂದು ವಿಧಿಸುತ್ತದೆ.

ಹೀಗೆ ಮಾತ್ರೆಯು ಊರಿನ ಸಮೀಪಕ್ಕೆ ಬಂದಿದ್ದರೂ ಅದರ ಪರೀಕ್ಷೆಗಳು ಅದೇ ವೇಗದಲ್ಲಿ ಬಂದಿರುವುದಿಲ್ಲ. ಮೂತ್ರಪಿಂಡಗಳಿಗೆ ಸಂಬಂಧಿಸಿದ ಸೀರಮ್ ಕ್ರಿಯಾಟಿನಿನ್ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿ ಲಭ್ಯವಿದ್ದರೂ, ರಕ್ತದ ಲಿಥಿಯಂ ಪ್ರಮಾಣ ಅಳೆಯುವ ಪರೀಕ್ಷೆ ಎಲ್ಲ ಪ್ರಯೋಗಾಲಯಗಳಲ್ಲಿ ದೊರೆಯುವುದಿಲ್ಲ. ದೂರದ ಊರಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದ ಕುಟುಂಬಗಳು ಮಾತ್ರೆಯನ್ನು ಪಡೆದು ಪರೀಕ್ಷೆಯನ್ನು ಮುಂದೂಡುವುದು ಸಹಜ.

ಎರಡನೆಯ ಅಂತರವು ಒಂದೇ ಆಸ್ಪತ್ರೆಯ ಎರಡು ಕೊಠಡಿಗಳ ನಡುವೆ ಇರುತ್ತದೆ. ಮನೋವೈದ್ಯರು ಲಿಥಿಯಂ ಬರೆದುಕೊಡುತ್ತಾರೆ. ಅದೇ ವ್ಯಕ್ತಿಗೆ ರಕ್ತದೊತ್ತಡಕ್ಕಾಗಿ ಇನ್ನೊಂದು ಕೊಠಡಿಯಲ್ಲಿ ಟೆಲ್ಮಿಸಾರ್ಟನ್, ಎನಲಾಪ್ರಿಲ್ ಅಥವಾ ಹೈಡ್ರೋಕ್ಲೋರೋಥಯಾಜೈಡ್ ನೀಡಬಹುದು. ಮಂಡಿನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತರಬಹುದು. ಇವೆಲ್ಲವೂ ರಕ್ತದಲ್ಲಿ ಲಿಥಿಯಂ ಮಟ್ಟವನ್ನು ಏರಿಸಬಲ್ಲವು. ಎರಡು ಚೀಟಿಗಳನ್ನು ಒಟ್ಟಿಗೆ ನೋಡುವವರು ಇಲ್ಲದಿದ್ದರೆ ಅಪಾಯ ಯಾರ ಗಮನಕ್ಕೂ ಬರುವುದಿಲ್ಲ.

ಮೂರನೆಯದು, ವರದಿಯನ್ನು ಓದುವ ಕ್ರಮ. ಕ್ರಿಯಾಟಿನಿನ್ 1.2 ಮಿಲಿಗ್ರಾಂ ಎಂದು ಬಂದರೆ ಅನೇಕ ವರದಿಗಳಲ್ಲಿ ಅದು ಸಾಮಾನ್ಯ ಮಿತಿಯಲ್ಲಿಯೇ ಕಾಣುತ್ತದೆ. ಆದರೆ ವಯಸ್ಸು ಮತ್ತು ಲಿಂಗವನ್ನು ಪರಿಗಣಿಸಿ ಲೆಕ್ಕ ಹಾಕುವ ಇ.ಜಿ.ಎಫ್.ಆರ್. ಪ್ರಕಾರ, ಇದೇ ಅಂಕಿಯು 25 ವರ್ಷದ ಪುರುಷನಲ್ಲಿ ಸುಮಾರು 86ರ ಶೋಧನಾ ಶಕ್ತಿಯನ್ನೂ, 60 ವರ್ಷದ ಮಹಿಳೆಯಲ್ಲಿ ಸುಮಾರು 52ರ ಶಕ್ತಿಯನ್ನೂ ಸೂಚಿಸುತ್ತದೆ. ಈ ಪ್ರಮಾಣವು 60ಕ್ಕಿಂತ ಕಡಿಮೆಯಾಗಿ 3 ತಿಂಗಳಿಗೂ ಮೀರಿ ಮುಂದುವರಿದರೆ ಅದನ್ನು ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆ ಎಂದು ಪರಿಗಣಿಸಲಾಗುತ್ತದೆ. ಒಂದೇ ವರದಿಗಿಂತ ಹಲವು ವರ್ಷಗಳ ವರದಿಗಳನ್ನು ಸಾಲಾಗಿ ಇಟ್ಟು ನೋಡುವುದರಿಂದ ಹೆಚ್ಚಿನ ವಿಷಯ ತಿಳಿಯುತ್ತದೆ.

ಔಷಧಿ ನಿಲ್ಲಿಸುವ ಪ್ರಶ್ನೆ

ಮೂತ್ರಪಿಂಡಗಳ ಭಯದಿಂದ ಲಿಥಿಯಂ ಅನ್ನು ತಾವಾಗಿಯೇ ನಿಲ್ಲಿಸುವುದು ಇನ್ನೊಂದು ಬಗೆಯ ಅಪಾಯಕ್ಕೆ ದಾರಿ ಮಾಡುತ್ತದೆ. ಹಠಾತ್ತಾಗಿ ನಿಲ್ಲಿಸಿದಾಗ ಉನ್ಮಾದ ಅಥವಾ ಖಿನ್ನತೆ ಮರುಕಳಿಸುವ ಹಾಗೂ ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ. ಶೋಧನಾ ಶಕ್ತಿ ಕುಗ್ಗುತ್ತಿರುವುದು ಕಂಡುಬಂದರೆ, ಪ್ರಮಾಣವನ್ನು ತಗ್ಗಿಸುವುದು, ಅಡ್ಡಪರಿಣಾಮ ಬೀರುವ ಇತರ ಔಷಧಿಯನ್ನು ಬದಲಿಸುವುದು, ಪರೀಕ್ಷೆಗಳನ್ನು ಹೆಚ್ಚಿಸುವುದು ಅಥವಾ ಬೇರೆ ಔಷಧಿಗೆ ನಿಧಾನವಾಗಿ ಬದಲಾಯಿಸುವುದು, ಇವುಗಳಲ್ಲಿ ಯಾವುದು ಸೂಕ್ತವೆಂದು ಮನೋವೈದ್ಯರು ಮತ್ತು ಮೂತ್ರಪಿಂಡ ತಜ್ಞರು ರೋಗಿಯೊಡನೆ ಚರ್ಚಿಸಿ ನಿರ್ಧರಿಸಬೇಕಾಗುತ್ತದೆ. ಬದಲಿ ಔಷಧಿಗಳಿಗೂ ತಮ್ಮದೇ ಆದ ಮಿತಿಗಳಿವೆ. ವಾಲ್‌ಪ್ರೊಯೇಟ್ ಯಕೃತ್ತಿನ ಮೇಲೆ ಪರಿಣಾಮ ಬೀರಬಹುದು ಮತ್ತು ಗರ್ಭಸ್ಥ ಶಿಶುವಿಗೆ ಹಾನಿಕರ. ಕಾರ್ಬಮಜೆಪೈನ್ ರಕ್ತದ ಸೋಡಿಯಂ ಅನ್ನು ತಗ್ಗಿಸಬಹುದು.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಲಿಥಿಯಂ ಆರಂಭಿಸುವ ಮೊದಲು ಕ್ರಿಯಾಟಿನಿನ್, ಥೈರಾಯಿಡ್ ಹಾಗೂ ಕ್ಯಾಲ್ಸಿಯಂ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು. ನಂತರ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಇವುಗಳನ್ನು ಪುನಃ ಮಾಡಿಸುವುದು.

2. ರಕ್ತದ ಲಿಥಿಯಂ ಪ್ರಮಾಣವನ್ನು ಮೊದಲ ವರ್ಷದಲ್ಲಿ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ, ನಂತರ 6 ತಿಂಗಳಿಗೊಮ್ಮೆ ಪರೀಕ್ಷಿಸಲಾಗುತ್ತದೆ. ವಯೋವೃದ್ಧರು ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ ಇದಕ್ಕಿಂತ ಬೇಗ ಬೇಕಾಗಬಹುದು.

3. ಕೊನೆಯ ಮಾತ್ರೆ ಸೇವಿಸಿದ 12 ಗಂಟೆಗಳ ನಂತರ ರಕ್ತ ನೀಡುವುದು. ರಾತ್ರಿ 9ಕ್ಕೆ ಸೇವಿಸಿದವರು ಬೆಳಿಗ್ಗೆ 9ಕ್ಕೆ ರಕ್ತ ನೀಡಿ, ಬೆಳಗಿನ ಮಾತ್ರೆ ಇದ್ದಲ್ಲಿ ಆ ಬಳಿಕ ಸೇವಿಸುವುದು. ಇಲ್ಲವಾದರೆ ವರದಿ ತಪ್ಪಾಗಿ ಹೆಚ್ಚು ತೋರಿಸುತ್ತದೆ. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯ ಗುರಿ ಲೀಟರಿಗೆ 0.6 ರಿಂದ 0.8 ಮಿಲಿಮೋಲ್.

4. ಯಾವುದೇ ವೈದ್ಯರ ಬಳಿಗೆ ಹೋದಾಗಲೂ ಲಿಥಿಯಂ ಚೀಟಿಯನ್ನು ತೋರಿಸುವುದು. ನೋವಿನ ಮಾತ್ರೆಗಳನ್ನು ಸಲಹೆಯಿಲ್ಲದೆ ಕೊಳ್ಳದಿರುವುದು.

5. ನೀರು ಮತ್ತು ಉಪ್ಪಿನ ಸೇವನೆಯನ್ನು ಏಕಾಏಕಿ ಬದಲಿಸದಿರುವುದು. ಉಪವಾಸ ಆಚರಿಸುವವರು ಮುಂಚಿತವಾಗಿ ವೈದ್ಯರ ಸಲಹೆ ಪಡೆಯುವುದು.

6. ವಾಂತಿ, ಭೇದಿ, ಕೈಗಳ ಜೋರಾದ ನಡುಕ, ತೂರಾಡುವ ನಡಿಗೆ, ತೊದಲುವ ಮಾತು, ಮಂಪರು ಅಥವಾ ಗೊಂದಲ ಕಂಡುಬಂದಲ್ಲಿ ಅದು ಲಿಥಿಯಂ ವಿಷಬಾಧೆ ಆಗಿರಬಹುದು. ಮುಂದಿನ ಮಾತ್ರೆ ನೀಡುವ ಮೊದಲೇ ಆಸ್ಪತ್ರೆಗೆ ಕರೆದೊಯ್ಯುವುದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವುದು.

ಕಾನೂನಿನ ಬೆಂಬಲ

2017ರ ಅಧಿನಿಯಮದ 21ನೇ ಪ್ರಕರಣದಂತೆ, ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿಯು ಆರೋಗ್ಯ ಸೇವೆಯಲ್ಲಿ ದೈಹಿಕ ಕಾಯಿಲೆ ಇರುವವರಿಗೆ ಸಮಾನನಾಗಿರುತ್ತಾನೆ. ಆದ್ದರಿಂದ ಮನೋರೋಗದ ಚೀಟಿ ಇದೆ ಎಂಬ ಕಾರಣಕ್ಕೆ ಮೂತ್ರಪಿಂಡಗಳ ತಪಾಸಣೆಯನ್ನು ಬದಿಗಿಡುವಂತಿಲ್ಲ. 25ನೇ ಪ್ರಕರಣದಂತೆ ತಮ್ಮ ಮೂಲ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕು ಇರುತ್ತದೆ; ಹಳೆಯ ವರದಿಗಳನ್ನು ಹೋಲಿಸಲು ಇದು ನೆರವಾಗುತ್ತದೆ. ಸೇವೆಯಲ್ಲಿ ಕೊರತೆ ಕಂಡುಬಂದಲ್ಲಿ 28ನೇ ಪ್ರಕರಣದಂತೆ ಮೊದಲು ಆಸ್ಪತ್ರೆಯ ಪ್ರಭಾರ ವೈದ್ಯಾಧಿಕಾರಿಗಳಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ದೂರು ಸಲ್ಲಿಸಬಹುದಾಗಿದೆ.

ಉಪಸಂಹಾರ

ಮೂತ್ರಪಿಂಡಗಳು ಪೂರ್ಣವಾಗಿ ವಿಫಲವಾದವರಿಗೆ ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಸುಮಾರು ನಾಲ್ಕು ಗಂಟೆಗಳ ಡಯಾಲಿಸಿಸ್ ಅಗತ್ಯವಾಗುತ್ತದೆ. ಅದನ್ನು ತಡೆಯಲು ನೆರವಾಗುವ ರಕ್ತಪರೀಕ್ಷೆ ವರ್ಷಕ್ಕೆ ಎರಡು ಬಾರಿಯದು. ಲಿಥಿಯಂ ಮಾತ್ರೆ ವಿತರಣೆಯಾಗುವ ಕಡೆಯಲ್ಲಿಯೇ ರಕ್ತದ ಮಾದರಿ ಸಂಗ್ರಹಿಸಿ ಜಿಲ್ಲಾ ಅಥವಾ ವೈದ್ಯಕೀಯ ಕಾಲೇಜು ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮವು ರೂಢಿಗೆ ಬಂದಲ್ಲಿ, ಕುಟುಂಬಗಳ ಪ್ರಯಾಣವೂ ಉಳಿಯುತ್ತದೆ, ಮನಸ್ಸಿನ ಆರೋಗ್ಯಕ್ಕಾಗಿ ಮೂತ್ರಪಿಂಡಗಳನ್ನು ಕಳೆದುಕೊಳ್ಳುವ ಪ್ರಮೇಯವೂ ತಪ್ಪುತ್ತದೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಮೀಪದ ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಸಂಪರ್ಕಿಸಬಹುದಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿಯೂ ಸಲಹೆ ಪಡೆಯಬಹುದಾಗಿದೆ.