ಬಾಳೆಹಣ್ಣು ತಿನ್ನಿಸಿ, ಬಂದ್ಬಿಡುತ್ತೆ!

ಮಗು ಏನೇ ನುಂಗಲಿ, "ಬಾಳೆಹಣ್ಣು ತಿನ್ನಿಸಿ, ಬೆಳಿಗ್ಗೆ ಬಂದ್ಬಿಡುತ್ತೆ" ಅನ್ನೋರನ್ನ ಕಂಡ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ. ಹೊಟ್ಟೆಗಿಳಿದ ನಾಣ್ಯ ಸಾಮಾನ್ಯವಾಗಿ ಹೊರಗೆ ಬರುತ್ತೆ, ಒಪ್ಪಿದೆ. ಆದ್ರೆ ಅಯಸ್ಕಾಂತ? ನಾವು ಸಾಫ್ಟ್‌ವೇರ್ ಮಂದಿ ಟೈಂಪಾಸಿಗೆ ಟೇಬಲ್ ಮೇಲೆ ಇಟ್ಕೊಳ್ಳೋ ಆ ನಿಯೋಡಿಮಿಯಮ್ ಗುಂಡುಗಳು ಎರಡು ಒಳಗೆ ಹೋದ್ರೆ, ಕರುಳಿನ ಬೇರೆ ಬೇರೆ ಸುತ್ತುಗಳಲ್ಲಿ ನಿಂತು ಒಂದನ್ನೊಂದು ಎಳೀತಾವೆ. ನಡುವೆ ಸಿಕ್ಕಿಬಿದ್ದ ಕರುಳಿಗೆ ರಕ್ತ ಹರಿಯಲ್ಲ, ತೂತು ಬೀಳುತ್ತೆ. ಅಮೆರಿಕ 2022ರಲ್ಲಿ ಇಂಥವಕ್ಕೆ ಕಡಿವಾಣ ಹಾಕಿದ್ದು ಇದಕ್ಕೇ.

ಮೊದಮೊದಲು ಬರೀ ವಾಂತಿ, ಹೊಟ್ಟೆನೋವು. "ಅಜೀರ್ಣ ಬಿಡಿ" ಅಂತಾರೆ... ಎಕ್ಸ್‌ರೇಲೂ ಅಂಟಿಕೊಂಡ ಎರಡು ಒಂದರಂತೆ ಕಾಣಬಹುದು, ಪಕ್ಕದಿಂದಲೂ ತೆಗೆಸಬೇಕು. ಜಠರದಲ್ಲಿದ್ದಾಗಲೇ ಆಸ್ಪತ್ರೆಗೆ ಓಡಿದ್ರೆ ಎಂಡೋಸ್ಕೋಪಿಯಲ್ಲೇ ತೆಗೀಬಹುದು. ಅದಕ್ಕೆ ಅರಿವಳಿಕೆ ಕೊಡೋಕೆ ಹೊಟ್ಟೆ ಖಾಲಿ ಇದ್ರೆ ಒಳ್ಳೇದು ಸ್ವಾಮೀ, ನೀವು ನೋಡಿದ್ರೆ ಅರ್ಧ ಡಜನ್ ಬಾಳೆಹಣ್ಣು ತುರುಕಿದ್ದೀರಿ!